ಹಬ್ಬದೂಟದ ಟೇಬಲ್‌ಗೆ ಹಳೇ ಸೀರೆ, ಖಣ, ಪಂಚೆ

ದೀಪಾವಳಿಗೆ ಅಂತ ಹೊಸ ಟೇಬಲ್ ಬಟ್ಟೆ ಕೊಳ್ಳೋಕೆ ಹೋಗ್ಬೇಡಿ, ಟ್ರಂಕ್ ತೆಗೀರಿ. ಸಾಗರದ ನಮ್ಮನೇಲಿ ಹೋದ ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಹಾಸಿ ಥೇಟ್ ಸಂತೆ ಮಾಡಿಟ್ಟಿದ್ದೆ. ಆಮೇಲೆ ಹೊಳೆದಿದ್ದು ಇಷ್ಟೇ: ಬಟ್ಟೆ ಎಷ್ಟೇ ಬಗೆ ಇರಲಿ, ಎಲ್ಲದರಲ್ಲೂ ಒಂದು ಬಣ್ಣ ಮತ್ತೆ ಮತ್ತೆ ಬರಬೇಕು. ನಾನು ಹಿಡಿದದ್ದು ಅಡಿಕೆ ಚೊಗರಿನ, ಅಂದ್ರೆ ಅಡಿಕೆ ಬೇಯಿಸಿದಾಗ ಉಳಿಯೋ ರಸದ, ಕೆಂಗಂದು.

ಎಲ್ಲಕ್ಕಿಂತ ಕೆಳಗೆ ಬಿಳಿ ಪಂಚೆ. ಅದರ ಮೇಲೆ ಉದ್ದಕ್ಕೂ, ಹರಿದುಹೋದ ಇಳಕಲ್ ಸೀರೆಯ ಸೆರಗು. ಕೆಂಪಿನ ಮೇಲೆ ಆ ಬಿಳಿ ತೆನೆಗಳ ಸಾಲಿದೆಯಲ್ಲ, ದೀಪದ ಬೆಳಕಿಗೆ ಅದೊಂದೇ ಸಾಕು! ಅದು ದೊಡ್ಡ ವಿನ್ಯಾಸ, ಹಾಗಾಗಿ ಪಕ್ಕದ್ದು ಸಣ್ಣದಿರಲಿ: ತಟ್ಟೆ ಕೆಳಗೆ ಗುಳೇದಗುಡ್ಡ ಖಣದ ತುಂಡು, ಕೈ ಒರೆಸೋಕೆ ಪುಟ್ಟ ಚೌಕಳಿಯ ಕೈಮಗ್ಗದ ಬಟ್ಟೆ. ಎರಡು ದೊಡ್ಡ ಹೂವಿನ ಪ್ರಿಂಟ್ ಅಕ್ಕಪಕ್ಕ ಬಂದ್ರೆ ಜಗಳ ಗ್ಯಾರಂಟಿ.

ಮಳೆಗಾಲ ಕಳೆದ ಟ್ರಂಕಿನ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತೆ, ಎರಡು ದಿನ ಮೊದಲೇ ಗಾಳಿಗೆ ಹರವಿ. ಚೊಗರಿನಲ್ಲೇ ಬಣ್ಣ ಹಾಕಿದ ಬಟ್ಟೆ ಮೇಲೆ ಒದ್ದೆ ಕಬ್ಬಿಣದ ಸೌಟು ಮಾತ್ರ ಇಡಬೇಡಿ, ಕಪ್ಪು ಕಲೆ ಕೂತುಬಿಡುತ್ತೆ. ಹೋಳಿಗೆ ತುಪ್ಪದಿಂದ ಖಣ ಉಳಿಸೋಕೆ ಮೇಲೊಂದು ಅಡಿಕೆ ಹಾಳೆ ತಟ್ಟೆ ಸಾಕು.