ವಟ್ನಾಯೋಕುಲ್‌ನ ಜಮಾ-ಖರ್ಚು: ಮಾದರಿ ಕಟ್ಟಿದ ನನ್ನ ಅನುಭವ

ಐಸ್‌ಲ್ಯಾಂಡಿನ ವಟ್ನಾಯೋಕುಲ್ ಬೆಟ್ಟ, ಕಣಿವೆ, ಜ್ವಾಲಾಮುಖಿ ಎಲ್ಲವನ್ನೂ ಮುಚ್ಚಿಕೊಂಡಿರುವ ಐಸ್ ಕ್ಯಾಪ್, ಅಂದರೆ ಮಂಜುಗಡ್ಡೆಯ ದೊಡ್ಡ ಹೊದಿಕೆ. ಚಳಿಗಾಲದಲ್ಲಿ ಬೀಳುವ ಹಿಮ ಇದರ ಜಮಾ, ಬೇಸಿಗೆಯಲ್ಲಿ ಕರಗುವುದು ಖರ್ಚು. ವಿಸ್ತಾರ ಸುಮಾರು 7,700 ಚದರ ಕಿಲೋಮೀಟರ್. ಬಿಸಿ ಏರಿದರೆ ಇದರಲ್ಲಿ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಲು ನಾನು ಹಿಡಿದದ್ದು ಸರಳ ದಾರಿ: ಸೊನ್ನೆಗಿಂತ ಮೇಲಿನ ಒಂದೊಂದು ಡಿಗ್ರಿಗೂ ದಿನಕ್ಕೆ ಇಷ್ಟು ಮಿಲಿಮೀಟರ್ ಕರಗುತ್ತದೆ ಅನ್ನುವ ಲೆಕ್ಕ.

ಆದರೆ 'ಇಷ್ಟು' ಅಂದರೆ ಎಷ್ಟು? ಹೊಸ ಹಿಮಕ್ಕೆ 4, ಬರಿಯ ಮಂಜುಗಡ್ಡೆಗೆ 7 ಇಟ್ಟುಕೊಂಡೆ. 200 ಮೀಟರ್ ಎತ್ತರದ ಹವಾಮಾನ ಕೇಂದ್ರದಲ್ಲಿ 8 ಡಿಗ್ರಿ ಇದೆ ಅಂದುಕೊಳ್ಳಿ. ನೂರು ಮೀಟರಿಗೆ 0.6 ಡಿಗ್ರಿ ಇಳಿದರೆ 1,200 ಮೀಟರಿನಲ್ಲಿ 2 ಡಿಗ್ರಿ. ಅಲ್ಲಿ ಹಿಮವಿದ್ದರೆ ಆ ದಿನ ಹೋಗುವುದು 8 ಮಿಲಿಮೀಟರ್, ಹಿಮ ಮುಗಿದು ಗಡ್ಡೆ ಬಯಲಾಗಿದ್ದರೆ 14. ಬಿಸಿ ಅಷ್ಟೇ, ನಷ್ಟ ಜಾಸ್ತಿ. ಹಿಮ ಬೆಳ್ಳಗಿದ್ದು ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪಿಟ್ಟ ಗಡ್ಡೆ ಹೀರಿಕೊಳ್ಳುತ್ತದೆ. ಹಾಗಾಗಿ ನನ್ನ ಕಣ್ಣು ಸದಾ ಚಳಿಗಾಲದ ಹಿಮ ಯಾವ ವಾರ ಮುಗಿಯುತ್ತದೆ ಅನ್ನುವುದರ ಮೇಲೆ.

ತಾಳೆ ನೋಡಲು ಅಲ್ಲಿನ ಅಳತೆಗಳಿವೆ. ವಸಂತದಲ್ಲಿ ಹಿಮ ಕೊರೆದು ಆಳ, ತೂಕ ನೋಡುತ್ತಾರೆ. ನಾಲ್ಕು ಮೀಟರ್ ಹಿಮ ಸಾಮಾನ್ಯವಾಗಿ ಎರಡು ಮೀಟರ್ ನೀರಿಗೆ ಸಮ. ಬೇಸಿಗೆ ಮುಗಿದ ಮೇಲೆ, ನೆಟ್ಟ ಕಡ್ಡಿ ಎಷ್ಟು ಹೊರಗೆ ಬಂದಿದೆ ಎಂದು ಅಳೆಯುತ್ತಾರೆ. ಈ ಎರಡನ್ನೂ ಬೇರೆಬೇರೆಯಾಗಿಯೇ ಹೊಂದಿಸಬೇಕು. ಜಮಾದಲ್ಲಿ ಖರ್ಚು ಕಳೆದು ಉಳಿಯುವ ವರ್ಷದ ಮೊತ್ತಕ್ಕೆ ಮಾತ್ರ ಮಾದರಿಯನ್ನು ಹೊಂದಿಸಿದರೆ, ಜಾಸ್ತಿ ಹಿಮವೂ ಜಾಸ್ತಿ ಕರಗುವಿಕೆಯೂ ಒಂದನ್ನೊಂದು ಮುಚ್ಚಿಹಾಕಿ ಲೆಕ್ಕ ಸರಿ ಬಂದಂತೆ ಕಾಣುತ್ತದೆ. ನಾಳೆಯ ಬಿಸಿಗೆ ಅಂಥ ಮಾದರಿಯನ್ನು ನಂಬುವುದು ಹೇಗೆ?

2010ರ ಬೇಸಿಗೆಯನ್ನು ಪ್ರತ್ಯೇಕ ಇಟ್ಟೆ. ಆ ವರ್ಷ ಎಯ್ಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿ ಉಗುಳಿದ ಬೂದಿ ಹಿಮದ ಮೇಲೆ ತೆಳುವಾಗಿ ಕೂತು ಕರಗುವಿಕೆ ತುಂಬಾ ಹೆಚ್ಚಿತು. ಅದು ಬರೀ ಉಷ್ಣಾಂಶದಿಂದ ಹೇಳಲಾಗುವ ಕಥೆಯಲ್ಲ.

ನಿಜವಾದ ಆತಂಕ ಎತ್ತರದ್ದು. ಮೇಲ್ಮೈ 50 ಮೀಟರ್ ಕುಸಿದರೆ ಅಲ್ಲಿನ ಗಾಳಿ ತಾನಾಗಿಯೇ 0.3 ಡಿಗ್ರಿ ಬೆಚ್ಚಗಾಗುತ್ತದೆ, ಹೊರಗಿನ ಹವಾಮಾನ ಒಂದಿಷ್ಟೂ ಬದಲಾಗದೆ. ಅದಕ್ಕೇ ಎತ್ತರವನ್ನು ಹಾಗೇ ಬಿಟ್ಟು ಒಮ್ಮೆ, ವರ್ಷವರ್ಷ ತಿದ್ದುತ್ತಾ ಇನ್ನೊಮ್ಮೆ ಲೆಕ್ಕ ಮಾಡುತ್ತೇನೆ. ಎರಡರ ಅಂತರ ದಶಕದಿಂದ ದಶಕಕ್ಕೆ ಅಗಲವಾಗುತ್ತದೆ. ವಟ್ನಾಯೋಕುಲ್‌ನ ಕೆಳಗಿನ ನೆಲ ಬಹುಪಾಲು ತಗ್ಗಿನಲ್ಲಿದೆ, ಬೇಸಿಗೆಯಲ್ಲೂ ಹಿಮ ಉಳಿಯುವ ಎತ್ತರಕ್ಕಿಂತ ಕೆಳಗೆ. ಈ ಗಡ್ಡೆ ಹೋದರೆ ಇವತ್ತಿನ ಹವಾಮಾನದಲ್ಲೇ ಅದು ಮತ್ತೆ ಇಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ.