ಮಿನಿ ಟ್ರ್ಯಾಕ್ಟರ್ ಬರೀ 'ಟಕ್' ಅಂತಿತ್ತು

ಶಿರಸಿ ಮಳೆ ಗೊತ್ತಲ್ವಾ, ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದರೆ ಬರೀ 'ಟಕ್' ಅನ್ನುತ್ತಿತ್ತು, ಸೆಲ್ಫ್ (ಇಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರ್) ತಿರುಗುತ್ತಿರಲಿಲ್ಲ. ಬ್ಯಾಟರಿ ಹೋಗಿದೆ ಅಂದರು ಎಲ್ಲರೂ. ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್, ಕೀ ತಿರುಗಿಸಿದಾಗಲೂ 12ರ ಮೇಲೇ. ಅಂದರೆ ಬ್ಯಾಟರಿ ಕುಸಿಯುತ್ತಿಲ್ಲ, ಸೆಲ್ಫ್‌ಗೆ ಕರೆಂಟೇ ಸರಿಯಾಗಿ ಹರಿಯುತ್ತಿಲ್ಲ. ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) 'ಟಕ್' ಅಂತ ಸದ್ದು ಮಾಡುತ್ತಿದೆ ಎಂದ ಮೇಲೆ, ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ಕ್ಲಚ್ ಸ್ವಿಚ್ ಬಿಚ್ಚಿ ಕೂರುವುದು ಸುಮ್ನೆ ಕೆಲಸ. ಮೀಟರಿನ ಒಂದು ವೈರ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿದು ತಮ್ಮನಿಗೆ ಕೀ ತಿರುಗಿಸು ಅಂದೆ (ಗೇರ್ ನ್ಯೂಟ್ರಲ್‌ನಲ್ಲೇ ಇರಲಿ, ಮಾರಾಯ್ರೆ). ಅರ್ಧ ವೋಲ್ಟ್ ಒಳಗಿರಬೇಕಾದದ್ದು 7 ತೋರಿಸಿತು! ಅಂದರೆ ತೊಡಕು ಇವೆರಡರ ನಡುವಿನ ಅರ್ಥ್ ವೈರಿನಲ್ಲೇ. ಬಿಚ್ಚಿ ನೋಡಿದರೆ ಅದರ ಲಗ್ (ವೈರ್ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಕಿಲುಬು, ಮೇಲಿಂದ ಏನೂ ಕಾಣುವುದಿಲ್ಲ. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಲಗ್ಗನ್ನೂ ಅದು ಕೂರುವ ಜಾಗವನ್ನೂ ಪಾಲಿಶ್ ಪೇಪರಿನಲ್ಲಿ ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಬಿಗಿಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಹೊಸ ಬ್ಯಾಟರಿ ದುಡ್ಡು ಉಳಿಯಿತು.