ಕೋವಿ ಹಿಡಿದು ರಾಜ್ಯ ದಾಟುವ ಮುನ್ನ: ದಾಖಲೆ ಸರಿಪಡಿಸಿ, ವಿಳಾಸ ಕಾಪಾಡಿಕೊಳ್ಳಿ

ತೀರ್ಥಹಳ್ಳಿ ಕಡೆಯ ಒಬ್ಬರ ಬಳಿ ಜೋಡಿ ನಳಿಗೆಯ ಕೋವಿ ಇದೆ, ಲೈಸೆನ್ಸ್ ಶಿವಮೊಗ್ಗದ ಜಿಲ್ಲಾಧಿಕಾರಿ ಕೊಟ್ಟದ್ದು. ಅವರಿಗೆ ಪುಣೆಗೆ ವರ್ಗವಾಯಿತು ಎಂದಿಟ್ಟುಕೊಳ್ಳಿ. ಆಗ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ಕೋವಿ ಇನ್ನು ಯಾವ ರಾಜ್ಯದ ಲೆಕ್ಕಕ್ಕೆ ಸೇರಬೇಕು? ಮನೆಯಲ್ಲಿ ಕೋವಿ ಇರುವ ಸಂಗತಿ ವಿಳಾಸದ ಸಮೇತ ಎಷ್ಟು ಜನರಿಗೆ ತಿಳಿಯುತ್ತದೆ? ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಕೈಬಿಡುವವರು ಬಹಳ. ಹೊಸ ಊರಿನಲ್ಲಿ ಯಾರಿಗೂ ತಿಳಿಸದೆ ಕೋವಿಯನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಇದರಿಂದ ಲೈಸೆನ್ಸಿನ ಷರತ್ತು ಮುರಿದಂತಾಗುತ್ತದೆ. ಅಷ್ಟೇ ಅಲ್ಲ, ಖಾಸಗಿತನ ಉಳಿಸಿಕೊಳ್ಳಲು ಕಾನೂನು ಕೊಟ್ಟಿರುವ ದಾರಿಯೂ ಮುಚ್ಚಿಹೋಗುತ್ತದೆ.

ಮೊದಲು ತಿಳಿದಿರಬೇಕಾದ್ದು, ಸರ್ಕಾರದ ಮಟ್ಟದಲ್ಲಿ ಮುಚ್ಚಿಡಲು ಏನೂ ಉಳಿದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪ್ರತಿ ಲೈಸೆನ್ಸೂ ರಾಷ್ಟ್ರೀಯ ದತ್ತಾಂಶದಲ್ಲಿ ದಾಖಲಾಗಿ, ಅದಕ್ಕೊಂದು ಯುಐಎನ್, ಅಂದರೆ ವಿಶಿಷ್ಟ ಗುರುತಿನ ಸಂಖ್ಯೆ, ಸಿಗಬೇಕು. ಯುಐಎನ್ ಪಡೆಯುವ ಗಡುವು ಹಲವು ಸಲ ಮುಂದೆ ಹೋಗಿ 2020ರ ಜೂನ್‌ಗೆ ಮುಗಿಯಿತು. ಅದಿಲ್ಲದ ಲೈಸೆನ್ಸ್ ಈಗ ಅಸಿಂಧು. ಹಾಗಾಗಿ ಶಿವಮೊಗ್ಗದ ಕಡತವನ್ನು ಪುಣೆಯ ಅಧಿಕಾರಿಯೂ ನೋಡಬಲ್ಲರು. ಕಾಪಾಡಿಕೊಳ್ಳಬೇಕಾದ್ದು ಕಚೇರಿಯ ಹೊರಗಿನವರಿಂದ: ಜೆರಾಕ್ಸ್ ಅಂಗಡಿ, ಮಧ್ಯವರ್ತಿ, ವಾಟ್ಸ್ಆ್ಯಪ್, ಸಾಮಾನು ಸಾಗಿಸುವವರು, ತಾಲ್ಲೂಕಿನ ಕೋವಿಗಳ ಪಟ್ಟಿ ಕೇಳಿ ಅರ್ಜಿ ಹಾಕುವ ಅಪರಿಚಿತರು.

ಕೋವಿಯನ್ನೂ ಲೈಸೆನ್ಸನ್ನೂ ಎದುರುಬದುರು ಇಟ್ಟು ನೋಡಿ

ಊರು ಬಿಡುವ ಎರಡು ತಿಂಗಳು ಮೊದಲೇ ಈ ಕೆಲಸ ಮಾಡಿ. ಕೋವಿಯನ್ನು ಮಡಚಿ ತೆರೆದು ಎರಡೂ ನಳಿಗೆ ಖಾಲಿಯಿವೆಯೇ ನೋಡಿ, ಬೆರಳು ಹಾಕಿಯೂ ಖಚಿತಪಡಿಸಿಕೊಳ್ಳಿ. ನಳಿಗೆಯ ಕೆಳಗಿರುವ ಮರದ ಹಿಡಿಯನ್ನು ಕಳಚಿ, ನಳಿಗೆಯನ್ನು ಬೇರೆ ಮಾಡಿ. ಹೀಗೆ ಮಡಚಿ ತೆರೆಯುವ ಕೋವಿಗಳಲ್ಲಿ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರು ಕಡೆ ಕೊರೆದಿರುತ್ತಾರೆ: ನಳಿಗೆಯ ತಳದ ಚಪ್ಪಟೆ ಭಾಗದಲ್ಲಿ, ಅದು ಕೂರುವ ಕಬ್ಬಿಣದ ಅಚ್ಚಿನಲ್ಲಿ, ಮರದ ಹಿಡಿಯ ಒಳಗಿನ ಲೋಹದಲ್ಲಿ. ಮೂರೂ ಕಡೆ ಒಂದೇ ಆಗಿರುವುದೇ ಕೋವಿಯ ಸಂಖ್ಯೆ.

ತಪ್ಪಾಗುವುದೂ ಇಲ್ಲಿಯೇ. ಹಳೆಯ ವಿಲಾಯತಿ ಕೋವಿಗಳ ನಳಿಗೆಯಡಿ ಪರೀಕ್ಷೆಯ ಮುದ್ರೆಗಳ ಜೊತೆಗೆ 12, 2½ ಎಂಬಂಥ ಅಂಕಿಗಳೂ ಇರುತ್ತವೆ. 12 ಎಂಬುದು ಬೋರು, ಅಂದರೆ ನಳಿಗೆಯ ಒಳ ಅಗಲದ ಅಳತೆ. 2½ ಎಂಬುದು ತೋಟೆ ಕೂರುವ ಕೋಣೆಯ ಉದ್ದ, ಇಂಚಿನ ಲೆಕ್ಕದಲ್ಲಿ. ಎಣ್ಣೆ, ತುಕ್ಕಿನ ನಡುವೆ ಓದಿದ ಗುಮಾಸ್ತರು ಇದನ್ನೇ ಕೋವಿಯ ಸಂಖ್ಯೆಯೆಂದು ಬರೆದುಬಿಡಬಹುದು. 3 ಹೋಗಿ 8, 1 ಹೋಗಿ 7 ಆಗುವುದಂತೂ ಮಾಮೂಲು. ಹಿಂದೆಂದೋ ನಳಿಗೆ ಬದಲಾಯಿಸಿದ್ದರೆ ನಳಿಗೆಯ ಸಂಖ್ಯೆಯೇ ಬೇರೆ, ಅಚ್ಚಿನ ಸಂಖ್ಯೆಯೇ ಬೇರೆ. ತವರು ಜಿಲ್ಲೆಯಲ್ಲಿ ಹತ್ತು ಸಲ ನವೀಕರಣವಾದರೂ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಹೊಸ ರಾಜ್ಯದಲ್ಲಿ ಕೋವಿಯನ್ನೇ ಮುಂದಿಟ್ಟು ತಾಳೆ ನೋಡುತ್ತಾರೆ. ಸಂಖ್ಯೆ ಹೊಂದದಿದ್ದರೆ ನಿಮ್ಮ ಕೈಯಲ್ಲಿರುವುದು ಬೇರೆ ಕೋವಿ ಎಂದೇ ಅರ್ಥವಾಗುತ್ತದೆ. ಆದ್ದರಿಂದ ತಿದ್ದುಪಡಿಯನ್ನು ಹಳೆಯ ಕಚೇರಿಯಲ್ಲೇ, ಹಳೆಯ ಕಡತ ಕೈಗೆ ಸಿಗುವಾಗಲೇ ಮಾಡಿಸಿ. ಸಂಖ್ಯೆಗೆ ಸೀಮೆಸುಣ್ಣ ಉಜ್ಜಿ, ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಫೋಟೊ ಅರ್ಜಿಯ ಜೊತೆಗಿರಲಿ.

ಇದೇ ಹೊತ್ತಿಗೆ ಯುಐಎನ್, ಮುಗಿಯುವ ದಿನಾಂಕ, ಕೋವಿಗಳ ಎಣಿಕೆಯನ್ನೂ ನೋಡಿಕೊಳ್ಳಿ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಶಸ್ತ್ರಾಸ್ತ್ರ ಕಾಯ್ದೆಯ ತಿದ್ದುಪಡಿಯಿಂದಾಗಿ ಒಬ್ಬರ ಬಳಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅವಧಿ ಮುಗಿಯುತ್ತಾ ಬಂದಿದ್ದರೆ ಇಲ್ಲೇ ನವೀಕರಿಸಿಕೊಂಡು ಹೊರಡಿ.

ಗಡಿ ದಾಟುವ ಅನುಮತಿ

ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಚಲಾವಣೆ ಎಂಬ ಕಾಲಂ ಇದೆ. ಅಲ್ಲಿ ಜಿಲ್ಲೆ ಎಂದಿರಬಹುದು, ಕರ್ನಾಟಕ ಎಂದಿರಬಹುದು, ಇಡೀ ಭಾರತ ಎಂದೂ ಇರಬಹುದು. ಬೆಳೆ ಕಾಯಲು ಕೊಟ್ಟ ಲೈಸೆನ್ಸಿನ ವ್ಯಾಪ್ತಿ ಚಿಕ್ಕದಿರುವುದೇ ಹೆಚ್ಚು. ಕರ್ನಾಟಕ ಎಂದಷ್ಟೇ ಇದ್ದರೆ ನಿಪ್ಪಾಣಿ ದಾಟಿದ ಕೂಡಲೇ ಅದರ ಬಲ ಮುಗಿಯಿತು. ವರ್ಗಾವಣೆ ಆದೇಶದ ಪ್ರತಿ ಲಗತ್ತಿಸಿ, ವ್ಯಾಪ್ತಿ ವಿಸ್ತರಿಸಲು ಈಗಿನ ಪ್ರಾಧಿಕಾರಕ್ಕೇ ಅರ್ಜಿ ಹಾಕಿ. ಜಿಲ್ಲೆಗಳಲ್ಲಿ ಅದು ಜಿಲ್ಲಾಧಿಕಾರಿ, ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್. ವಿಸ್ತರಣೆ ಲೈಸೆನ್ಸಿನಲ್ಲಿ ನಮೂದಾಗುವ ತನಕ ಕೋವಿ ಊರಲ್ಲೇ ಇರಲಿ.

ಊರಲ್ಲಿ ಎಂದರೆ ಅಣ್ಣನ ಕೈಯಲ್ಲಿ ಅಲ್ಲ. ಲೈಸೆನ್ಸ್ ಇಲ್ಲದವರಿಗೆ ಕೋವಿ ಒಪ್ಪಿಸಿ ಹೋಗುವುದು ಕೊಟ್ಟವರಿಗೂ ಅಪರಾಧ, ಇಟ್ಟುಕೊಂಡವರಿಗೂ ಅಪರಾಧ. ರಿಪೇರಿಗೆ ಅಥವಾ ನವೀಕರಣಕ್ಕೆ ಒಯ್ಯಲು ನಿಮ್ಮ ಲಿಖಿತ ಒಪ್ಪಿಗೆ ಸಾಕು, ತೋಟ ಕಾಯಲು ಸಾಲದು. ಠಾಣೆಯಲ್ಲಿ ಅಥವಾ ಠೇವಣಿ ಇಟ್ಟುಕೊಳ್ಳಲು ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಇಟ್ಟು ರಸೀದಿ ಪಡೆಯಿರಿ. ರಸೀದಿಯಲ್ಲಿ ಕೋವಿಯ ಸಂಖ್ಯೆ, ತೋಟೆಗಳ ಎಣಿಕೆ ಎರಡೂ ಇರಬೇಕು.

ಒಯ್ಯುವಾಗ ಖುದ್ದಾಗಿ ಒಯ್ಯಿರಿ. ಖಾಲಿ ಮಾಡಿ, ಬಿಚ್ಚಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ತೋಟೆಗಳು ಬೇರೆ ಚೀಲದಲ್ಲಿರಲಿ, ಮೂಲ ಲೈಸೆನ್ಸ್ ಜೇಬಿನಲ್ಲಿರಲಿ. ಮನೆ ಸಾಮಾನಿನ ಲಾರಿಗೆ ಹಾಕಲೇಬೇಡಿ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಲೋಡ್ ಮಾಡುವ ನಾಲ್ಕು ಜನಕ್ಕೆ ನಿಮ್ಮ ಹೊಸ ಮನೆಯೂ ಕೋವಿಯೂ ಒಟ್ಟಿಗೇ ಗೊತ್ತಾಗುತ್ತದೆ. ವಿಮಾನವಾದರೆ ಕೌಂಟರಿನಲ್ಲಿ ತಿಳಿಸಿ ಲಗೇಜಿಗೆ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ವಿಮಾನ ಸಂಸ್ಥೆಯ ಷರತ್ತುಗಳನ್ನು ಟಿಕೆಟ್ ಮಾಡುವ ಮೊದಲೇ ಕೇಳಿಕೊಳ್ಳಿ.

ಮೂವತ್ತು ದಿನ, ಎರಡು ಕಚೇರಿ

ಶಾಶ್ವತವಾಗಿ ಊರು ಬದಲಿಸಿದರೆ, ಅಥವಾ ಒಂದೇ ಸಮನೆ 30 ದಿನಕ್ಕಿಂತ ಹೆಚ್ಚು ಬೇರೆಡೆ ಕೋವಿಯ ಜೊತೆ ಇರುವುದಾದರೆ, 30 ದಿನದೊಳಗೆ ಎರಡು ಕಡೆ ಬರೆದು ತಿಳಿಸಬೇಕು: ಹೊಸ ಊರಿನ ಪ್ರಾಧಿಕಾರಕ್ಕೆ, ಮತ್ತು ಲೈಸೆನ್ಸ್ ಕೊಟ್ಟ ಅಥವಾ ಕೊನೆಯ ಸಲ ನವೀಕರಿಸಿದ ಪ್ರಾಧಿಕಾರಕ್ಕೆ. ಒಂದಕ್ಕೆ ತಿಳಿಸಿ ಇನ್ನೊಂದನ್ನು ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಕೈಯಾರೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಆಗದಿದ್ದರೆ ಸ್ವೀಕೃತಿ ಪತ್ರ ಬರುವಂತೆ ಅಂಚೆಯಲ್ಲಿ ಕಳಿಸಿ. ಕರೆದಾಗ ಕೋವಿ, ಲೈಸೆನ್ಸ್ ಎರಡನ್ನೂ ಹಾಜರುಪಡಿಸಿ ಹೊಸ ವಿಳಾಸದ ನಮೂದು ಪಡೆಯಿರಿ. ಹಳೆಯ ಯುಐಎನ್ ಮುಂದುವರಿದಿದೆಯೇ ಅಲ್ಲೇ ಓದಿ ನೋಡಿ. ಹೊಸದೊಂದು ಸಂಖ್ಯೆ ಬಂದಿದ್ದರೆ ತಕ್ಷಣ ಹೇಳಿ ಸರಿಪಡಿಸಿ, ಇಲ್ಲವಾದರೆ ಒಂದು ಕೋವಿ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಕಾಗದ ಕೊಡುವಾಗ ಕೈ ಬಿಗಿಯಿರಲಿ. ಪ್ರತಿ ಜೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ "ಲೈಸೆನ್ಸ್ ವಿಳಾಸ ಬದಲಾವಣೆಗೆ ಮಾತ್ರ" ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಅಕ್ಷರಗಳು ವಿವರದ ಮೇಲೆ ಹಾಯಬೇಕು, ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು. ಕಚೇರಿ ಪೂರ್ತಿ ಸಂಖ್ಯೆಯನ್ನೇ ಕೇಳದಿದ್ದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಸೈಬರ್ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿದರೆ ಕಂಪ್ಯೂಟರಿನಲ್ಲಿ ಉಳಿದ ಕಡತವನ್ನು ಎದುರಿಗೇ ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಸಿ. ಲೈಸೆನ್ಸಿನ ಫೋಟೊ ಕುಟುಂಬದ ಗುಂಪಿಗೂ ಹೋಗುವುದು ಬೇಡ.

ಯಾರಾದರೂ ಮಾಹಿತಿ ಹಕ್ಕಿನಡಿ ನಿಮ್ಮ ವಿವರ ಕೇಳಿದರೆ

ಇಲ್ಲಿ ಕಾನೂನು ನಿಮ್ಮ ಪರ ಒಂದು ಬಾಗಿಲು ಇಟ್ಟಿದೆ. ಮೂರನೆಯವರು (ಇಲ್ಲಿ ನೀವು) ಗೋಪ್ಯವೆಂದು ಕೊಟ್ಟ ಮಾಹಿತಿಯನ್ನು ಬಹಿರಂಗಪಡಿಸಲು ಹೊರಟ ಅಧಿಕಾರಿ, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 11ರ ಪ್ರಕಾರ, ಅರ್ಜಿ ಬಂದ 5 ದಿನದೊಳಗೆ ಆ ವ್ಯಕ್ತಿಗೆ ನೋಟಿಸ್ ಕೊಡಬೇಕು. ಉತ್ತರಿಸಲು ನಿಮಗೆ 10 ದಿನ. ಆಕ್ಷೇಪಣೆಯಲ್ಲಿ ಎರಡು ಆಧಾರ ಹೆಸರಿಸಿ: ಜೀವಕ್ಕೆ ಅಪಾಯ ತರುವ ಮಾಹಿತಿಗೆ ಸೆಕ್ಷನ್ 8(1)(ಜಿ), ವೈಯಕ್ತಿಕ ಮಾಹಿತಿಗೆ 8(1)(ಜೆ). ಕೋವಿಗಾಗಿಯೇ ಕಳ್ಳರು ಬರಬಹುದು, ಮನೆಯಲ್ಲಿ ವಯಸ್ಸಾದವರಷ್ಟೇ ಇರುತ್ತಾರೆ ಎಂಬಂಥ ನಿಜವಾದ ಕಾರಣವನ್ನು ಬಿಡಿಸಿ ಬರೆಯಿರಿ. ಆದರೂ ಕೊಡಲು ನಿರ್ಧರಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ ಆ ನೋಟಿಸ್ ಹೋಗುವುದು ಕಡತದಲ್ಲಿರುವ ವಿಳಾಸಕ್ಕೆ. ಪುಣೆಗೆ ಹೋಗಿ ವರ್ಷವಾದರೂ ಕಡತದಲ್ಲಿ ತೀರ್ಥಹಳ್ಳಿಯ ಮನೆಯೇ ಇದ್ದರೆ, ಲಕೋಟೆ ಬೀಗ ಹಾಕಿದ ಬಾಗಿಲಿಗೆ ಹೋಗಿ ವಾಪಸಾಗುತ್ತದೆ. ಹತ್ತು ದಿನ ನಿಮಗೆ ಗೊತ್ತೇ ಆಗದೆ ಕಳೆಯುತ್ತದೆ.

ಕೋವಿ ತಂದೆಯದಾಗಿದ್ದರೆ

70 ವರ್ಷ ತುಂಬಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ಕೊಡಲು ಅವಕಾಶವಿದೆ. ಮಗ ಅಥವಾ ಮಗಳು ಹೊರರಾಜ್ಯದಲ್ಲಿದ್ದರೆ ಈ ದಾರಿಯೇ ಲೇಸು, ಹಳೆಯ ಕಡತದ ಪ್ರಶ್ನೆಗಳಿಗೆ ಉತ್ತರಿಸಲು ಅಪ್ಪ ಇರುತ್ತಾರೆ. ತೀರಿಕೊಂಡ ಮೇಲಾದರೆ ಕೋವಿಯನ್ನು ತಡಮಾಡದೆ ಠೇವಣಿ ಇಟ್ಟು, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೊತೆ ಅರ್ಜಿ ಹಾಕಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅವರೂ ಬೇರೆ ರಾಜ್ಯದಲ್ಲಿ ನೆಲೆಸುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತ ಉತ್ತರ ಪಡೆದುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಹಳೆಯ ಠಾಣೆಗೆ ಹೋಗಿ ಬನ್ನಿ. ಚುನಾವಣೆ ಬಂದಾಗ ಕೋವಿ ಠೇವಣಿಗೆ ಠಾಣೆಯ ಪಟ್ಟಿ ಹಿಡಿದೇ ಹುಡುಕುತ್ತಾರೆ. ಹೆಸರು ಅಲ್ಲೇ ಉಳಿದಿದ್ದರೆ ಪೇದೆ ನಿಮ್ಮ ಹಳೆಯ ಮನೆಗೆ ಬಂದು, ನೆರೆಹೊರೆಯಲ್ಲೆಲ್ಲ ಕೋವಿಯ ವಿಚಾರಣೆ ಮಾಡಿ, ಕೊನೆಗೆ "ಠೇವಣಿ ಇಟ್ಟಿಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಪುಣೆಯ ನಮೂದಿನ ಪ್ರತಿ ಕೊಟ್ಟು, ಪಟ್ಟಿಯಲ್ಲಿ ನಿಮ್ಮ ಸಾಲಿನ ಎದುರು "ವರ್ಗವಾಗಿದೆ" ಎಂದು ಬರೆಯುವುದನ್ನು ನೋಡಿಕೊಂಡೇ ಎದ್ದು ಬನ್ನಿ.